ಓಡ್ತೀರೋ, ಬಿಟ್ರೋ?

ಬಿಟ್ಟಿದ್ದೇನೆ. ಇವತ್ತಿಗೆ ಹತ್ತೊಂಬತ್ತು ದಿನ ಆಯ್ತು. ಉತ್ತರ ಇಷ್ಟೇ ಬೇಕಿದ್ದವರು ಇಲ್ಲಿಂದಲೇ ವಾಪಸ್ ಹೋಗಬಹುದು, ನನಗೇನೂ ಬೇಜಾರಿಲ್ಲ.

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಕೌಂಟರಿನ ಆಚೆಯಿಂದ ಈ ಪ್ರಶ್ನೆ ದಿನಕ್ಕೆ ಒಂದೆರಡು ಸಲವಾದರೂ ಬರುತ್ತದೆ. ಶುಗರ್ ಮಾತ್ರೆ ತಗೊಳ್ಳುವವರು ಕೇಳುತ್ತಾರೆ. ಮೊಣಕಾಲಿಗೆ ಸ್ಪ್ರೇ ತಗೊಳ್ಳುವವರು ಕೇಳುತ್ತಾರೆ. ಐದುನೂರಕ್ಕೆ ಚಿಲ್ಲರೆ ಕೇಳಲು ಬರುವ ಪಕ್ಕದ ಅಂಗಡಿಯವನು ಚಿಲ್ಲರೆ ಎಣಿಸುತ್ತಾ ಕೇಳುತ್ತಾನೆ. "ಏನ್ರೀ ಅಣ್ಣಾರ, ಇನ್ನಾ ಓಡ್ತೀರೋ, ಬಿಟ್ರೋ?" ಇಷ್ಟು ವರ್ಷ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಫೋನಿಗೆ ಇದನ್ನೇ ಕಳಿಸುತ್ತೇನೆ.

ಮೊದಲನೇ ತಕರಾರು ಆ "ಬಿಟ್ರೋ" ಮೇಲೆ. ಅದು ಗುಟ್ಕಾ ತಿನ್ನುವವರಿಗೆ ಕೇಳೋ ಪ್ರಶ್ನೆ ಕಣ್ರೀ. ನಾನೇ ದಿನಾ ಕೇಳುತ್ತೇನೆ, ಕೆಮ್ಮಿನ ಸಿರಪ್ ಕೊಡುವಾಗ, "ಬೀಡಿ ಬಿಟ್ರೋ ಇಲ್ಲೋ" ಅಂತ. ಬಿಟ್ಟೆ ಅಂದವರಿಗೆ ಶಭಾಷ್ ಅನ್ನುತ್ತೇನೆ. ನನಗೂ ಜನ ಹಾಗೇ ಮಾಡುತ್ತಾರೆ, ತಮಾಷೆ ಅಲ್ಲ, ಎಷ್ಟೋ ಸಲ ಬೇಕಂತಲೇ ಪರೀಕ್ಷೆ ಮಾಡಿದ್ದೇನೆ. "ಓಡ್ತೀನ್ರೀ" ಅಂದರೆ ಎದುರಿಗಿದ್ದವರ ಮುಖ ಬಿಗಿಯಾಗುತ್ತದೆ, ಮೊಣಕಾಲು ಸವೆಯುತ್ತದೆ ಅನ್ನೋ ಎಚ್ಚರಿಕೆ ಬರುತ್ತದೆ, ಅವರ ಭಾವನ ಗೆಳೆಯ ಯಾರೋ ಜಿಮ್ಮಿನಲ್ಲಿ ಕುಸಿದು ಬಿದ್ದ ಕಥೆ ಬರುತ್ತದೆ. ಅದೇ "ಬಿಟ್ಟೀನ್ರೀ" ಅನ್ನಿ, ಭುಜ ಸಡಿಲಾಗುತ್ತದೆ. "ಹೌದಲ್ರೀ, ಯಾರಿಗೆ ಟೈಮ್ ಐತಿ" ಅಂತ ನಗುತ್ತಾರೆ. ಒಬ್ಬರಂತೂ ಆ ಖುಷಿಯಲ್ಲಿ ಅಸಿಡಿಟಿ ಮಾತ್ರೆ ಒಂದು ಸ್ಟ್ರಿಪ್ ಜಾಸ್ತಿನೇ ತಗೊಂಡು ಹೋದರು. ವ್ಯಾಪಾರದ ದೃಷ್ಟಿಯಿಂದ ನಾನು ಓಡದೇ ಇರೋದೇ ಲೇಸು.

ಇನ್ನು ಕೆಲವರದು ಹನುಮಪ್ಪನ ಕಾಟ. ಅಂಜನಾದ್ರಿ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಗಂಗಾವತಿ ಕಡೆ, 575 ಮೆಟ್ಟಿಲು. ಹನುಮಂತ ಅಲ್ಲೇ ಹುಟ್ಟಿದ ಅಂತ ನಮ್ಮ ನಂಬಿಕೆ. "ನಮ್ಮ ಜಿಲ್ಲಾದಾವ ಸಮುದ್ರಾನ ಹಾರಿದಾ, ನೀವು ಹುಲಿಕೆರಿ ಸುತ್ತೂದ್ರಾಗ ಕುಂತೀರಲ್ರೀ" ಅಂದರು ಒಬ್ಬ ಹಿರಿಯರು. ಅವರು ತಗೊಂಡಿದ್ದು ಮಲಬದ್ಧತೆಯ ಪುಡಿ. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಒಮ್ಮೆ ಬೆಂಗಳೂರಿಗೆ ಹೋಗಿ 10 ಕಿ.ಮೀ. ಓಡಿ ಬಂದೆ. ಒಂದು ತಾಸು ಏಳು ನಿಮಿಷ. ಬಂದ ಮೇಲೆ "ಎಷ್ಟನೇ ನಂಬರ್ ಬಂದ್ರಿ?" ಸಾವಿರಾರು ಜನ ಓಡಿರ್ತಾರ್ರೀ, ಮೆಡಲ್ ಕೊಟ್ಟಾರ ನೋಡ್ರಿ. "ಎಲ್ಲಾರಿಗೂ ಕೊಡ್ತಾರೇನು?" ಹೂಂ. ಅಲ್ಲಿಗೆ ಮಾತು ಮುಗಿಯಿತು. ಆ ಮೆಡಲ್ ಈಗ ಅಂಗಡಿಯ ಕ್ಯಾಲೆಂಡರ್ ಮೊಳೆಗೆ ನೇತಾಡುತ್ತಿದೆ, ಫ್ಯಾನ್ ಜೋರು ಮಾಡಿದಾಗ ಗೋಡೆಗೆ ಬಡಿದು ಟಕಟಕ ಅನ್ನುತ್ತದೆ.

ಈಗ ಆ ಮದುವೆಯ ವಿಷಯ ಹೇಳಲೇಬೇಕು. ಮೂರು ವರ್ಷದ ಹಿಂದೆ, ಡಿಸೆಂಬರ್, ಯಲಬುರ್ಗಾ ಕಡೆ ಒಂದು ಹಳ್ಳಿ. ನಾನು ಓಡದೆ ಐದು ತಿಂಗಳು ಆಗಿತ್ತು. ಪಂಕ್ತಿಯಲ್ಲಿ ಕೂತಿದ್ದೆ, ಎರಡನೇ ಹೋಳಿಗೆ ಎಲೆಗೆ ಬಿದ್ದಿತ್ತು, ಅದರ ಮೇಲೆ ತುಪ್ಪ ಬೀಳುತ್ತಿತ್ತು. ದೂರದ ಸಂಬಂಧಿ ಒಬ್ಬರು ಎದುರು ಸಾಲಿನಿಂದ, ಇಡೀ ಚಪ್ಪರಕ್ಕೆ ಕೇಳುವ ಹಾಗೆ, ಅದೇ ಪ್ರಶ್ನೆ ಒಗೆದರು. ನೂರು ಜನ ನನ್ನ ಹೊಟ್ಟೆ ನೋಡಿದರು. ಬಿಟ್ಟಿದ್ದೇನೆ ಅನ್ನಬಹುದಿತ್ತು. ಆದರೆ ಕೈಯಲ್ಲಿ ಹೋಳಿಗೆ ಹಿಡಿದುಕೊಂಡು ಹಾಗೆ ಹೇಳಲು ಮನಸ್ಸಾಗಲಿಲ್ಲ. "ಓಡ್ತೀನ್ರೀ, ದಿನಾ" ಅಂದುಬಿಟ್ಟೆ. ಆ "ದಿನಾ" ಯಾಕೆ ಸೇರಿಸಿದೆನೋ ದೇವರಿಗೇ ಗೊತ್ತು.

"ಹಂಗಾರ ಚಲೋ ಆತು, ನಮ್ಮ ಹುಡುಗ ನಾಳಿಂದ ನಿಮ್ಮ ಜೋಡಿ ಬರ್ತಾನ" ಅಂದರು.

ಹುಡುಗನಿಗೆ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಕೊಪ್ಪಳದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದ. ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಂದರೆ ಮೈದಾನದ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ನಾನು ಬೆಂಗಳೂರಿಗೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಬದುಕಿನ ಅತಿ ಒಳ್ಳೆಯ ದಿನಗಳಲ್ಲೂ, ಆ ವೇಗದಲ್ಲಿ ಒಂದು ಸುತ್ತು ಮುಗಿಸಿದರೆ ಕೂತುಬಿಡುತ್ತಿದ್ದೆ. ಈ ಲೆಕ್ಕ ನನಗೆ ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು.

ಬೆಳಿಗ್ಗೆ ಐದೂವರೆಗೆ ಜಿಲ್ಲಾ ಕ್ರೀಡಾಂಗಣ. ಅದಕ್ಕೂ ಮೊದಲು ಮನೆಯ ಹಿಂದಿನ ಗೂಡಿನಿಂದ ಶೂ ತೆಗೆದೆ. ಎಡಗಾಲು ಒಳಗೆ ಹೋಗಲಿಲ್ಲ. ಮೊಬೈಲ್ ಬೆಳಕು ಹಾಕಿ ನೋಡಿದರೆ ತುದಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದೆ. ನುಣ್ಣಗೆ, ಅಂಗೈಯಲ್ಲಿ ಒತ್ತಿ ಮಾಡಿದ ಹಾಗೆ, ಮೂರು ಕೋಣೆ. ಚಮಚೆಯ ಹಿಡಿಯಿಂದ ಕೆರೆದು ತೆಗೆದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ, ಆ ಚಮಚೆ ಮತ್ತೆ ಒಳಗೆ ತರಬೇಡ್ರಿ ಅಂದಳು ಅಷ್ಟೇ.

ಹುಡುಗ ಬಂದಿದ್ದ. ಸಣಕಲು, ಮೊಣಕಾಲು ಮಾತ್ರ ದೊಡ್ಡವು. ಜೊತೆಗೆ ಹೊರಟೆವು. ಮೊದಲ ಸುತ್ತು ಮಾನ ಉಳಿಯಿತು. ಎರಡನೆಯದರ ಅರ್ಧಕ್ಕೆ ಪಕ್ಕೆ ಹಿಡಿಯಿತು, ಗಂಟಲಲ್ಲಿ ನಾಣ್ಯದ ರುಚಿ ಬಂತು, ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟೆ. ಅವನು ಸುತ್ತು ಹಾಕಿ ಮತ್ತೆ ನನ್ನ ಹತ್ತಿರ ಬಂದ. ನಿಲ್ಲಲಿಲ್ಲ, ಮುಖವನ್ನೂ ನೋಡಲಿಲ್ಲ. ಓಡುತ್ತಲೇ, "ಸರ್ರ, ಲೇಸ್ ಬಿಚ್ಯಾವೇನ್ರೀ?" ಅಂದ.

ಲೇಸ್ ಬಿಚ್ಚಿರಲಿಲ್ಲ. ಅವನಿಗೂ ಗೊತ್ತಿತ್ತು. "ಹೌದಪಾ" ಅಂದು ಬಗ್ಗಿದೆ. ಸರಿಯಾಗಿ ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ, ಆಮೇಲೆ ಇನ್ನೊಂದು ಕಾಲಿಂದೂ. ಅವನು ಮುಗಿಸುವವರೆಗೂ ಕಟ್ಟುತ್ತಲೇ ಇದ್ದೆ. ಏಳು ನಿಮಿಷ ಐದು ಸೆಕೆಂಡ್.

ಯಾರೂ ಕೇಳದ ಒಂದು ಪ್ರಶ್ನೆ ಇದೆ. "ಎಷ್ಟು ಸಲ ಬಿಟ್ಟೀರಿ?" ಇದನ್ನು ಕೇಳಿ, ಕುರ್ಚಿ ಹಾಕಿ ಚಹಾ ತರಿಸಿ ಹೇಳುತ್ತೇನೆ. ಆರು ಸಲ.

ಶುರು ಮಾಡಿದ್ದು 2017ರಲ್ಲಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟಿನಲ್ಲಿ (HbA1c) ನನ್ನದು 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಬಾಗಿಲ ಹೊರಗೆ ನಿಂತ ಹಾಗೆ, ಇನ್ನೂ ಒಳಗೆ ಬಂದಿಲ್ಲ. ಊರಿಗೆಲ್ಲ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ಕೊಡುವವನು ನಾನೇ ನುಂಗುವುದು ಹೇಗೆ ಅಂತ ನಾಚಿಕೆಯಾಗಿ ಓಡಲು ಹೋದೆ. ಮೊದಲ ಸಲ ಬಿಟ್ಟಿದ್ದು ಮರುವರ್ಷ ನಮ್ಮೂರ ಗವಿಮಠದ ಜಾತ್ರೆಗೆ. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಮಠದ ಅಜ್ಜನ ಪ್ರಸಾದ ಬೇಡ ಅನ್ನೋಕಾಗುತ್ತಾ? ಇದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ.

ಎರಡನೇ ಸಲದ್ದು ನನ್ನದೇ ತಪ್ಪು, ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಓಟ ನಿಲ್ಲಿಸಿದ ಕೆಲವೇ ದಿನಕ್ಕೆ ರಕ್ತದಲ್ಲಿನ ನೀರಿನ ಭಾಗ ಇಳಿಯುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಎರಡು ಮೂರು ವಾರಕ್ಕೆಲ್ಲ ಹಳೆ ವೇಗದಲ್ಲಿ ಓಡಿದರೆ ತೇಕು ಹತ್ತುತ್ತದೆ. ಮತ್ತೆ ಶುರು ಮಾಡಿದಾಗ ಉಸಿರು ಬೇಗ ಮರಳಿ ಬರುತ್ತದೆ. ಎಲುಬು, ಸ್ನಾಯುರಜ್ಜು ಹಾಗಲ್ಲ, ಅವು ಸರ್ಕಾರಿ ಫೈಲಿನ ಹಾಗೆ, ಅವುಗಳ ಲೆಕ್ಕ ತಿಂಗಳುಗಳಲ್ಲಿ. ಉಸಿರು ಚೆನ್ನಾಗಿದೆ ಅಂತ ಮೂರನೇ ವಾರಕ್ಕೇ ಎಂಟು ಕಿ.ಮೀ. ಹೊಡೆದೆ. ಮರುದಿನ ಮೊಣಕಾಲ ಕೆಳಗಿನ ಎಲುಬು ಮುಟ್ಟಿದರೆ ಉರಿ. ಎರಡು ತಿಂಗಳು ನನ್ನ ಅಂಗಡಿಯ ಸ್ಪ್ರೇಗೆ ನಾನೇ ಗಿರಾಕಿ.

ಮೂರನೇದು 2020. ಜಗತ್ತೆಲ್ಲ ಮನೆಯಲ್ಲಿ, ಮೆಡಿಕಲ್ ಶಾಪ್ ಮಾತ್ರ ತೆರೆದಿತ್ತು. ಹೊಸಪೇಟೆ ರಸ್ತೆಯಲ್ಲಿ ಒಂದು ಲಾರಿ ಇಲ್ಲ, ಓಡುವವನಿಗೆ ಅಂಥ ರಸ್ತೆ ಜನ್ಮದಲ್ಲಿ ಸಿಗುವುದಿಲ್ಲ. ನಾನು ಅದರ ಮೇಲೆ ಸ್ಕೂಟರಿನಲ್ಲಿ ಮಾಸ್ಕ್ ಬಾಕ್ಸ್ ಹೇರಿಕೊಂಡು ಓಡಾಡಿದೆ.

ನಾಲ್ಕನೆಯದು ಆ ಕಡಜದ್ದು. ಅದಕ್ಕೆ ಕಾರಣವೇ ಇಲ್ಲ. ನೋವಿಲ್ಲ, ಜಾತ್ರೆಯಿಲ್ಲ, ಯಾರೂ ಸತ್ತಿಲ್ಲ. ಒಂದು ದಿನ ಮಳೆ ಬಂತು ಅಂತ ಹೋಗಲಿಲ್ಲ. ಮರುದಿನ ಮಳೆ ಬರಬಹುದು ಅಂತ ಹೋಗಲಿಲ್ಲ. ನಮ್ಮೂರಲ್ಲಿ ಎಷ್ಟು ಮಳೆ ಬೀಳುತ್ತದೆ ಅಂತ ನಿಮಗೇ ಗೊತ್ತು. ಬಿಟ್ಟೆ ಅಂತ ನಾನು ಯಾವತ್ತೂ ತೀರ್ಮಾನ ಮಾಡಲೇ ಇಲ್ಲ, ನಾಳೆ ಹೋಗುತ್ತೇನೆ ಅಂತಲೇ ಐದು ತಿಂಗಳು ಮಲಗಿದೆ. ಅದಕ್ಕೇ "ಯಾವಾಗ ಬಿಟ್ರಿ" ಅಂದರೆ ನನ್ನ ಹತ್ತಿರ ತಾರೀಖು ಇರುವುದಿಲ್ಲ. ಐದನೇದು ನಾಯಿ ಕಡಿದಿದ್ದು, ಐದು ಇಂಜೆಕ್ಷನ್, ಅದನ್ನು ಬಿಡಿ.

ನನ್ನ ಪರವಾಗಿ ಒಬ್ಬ ಸಾಕ್ಷಿ ಇದ್ದಾನೆ, ಅವನನ್ನು ಕರೆಯದಿದ್ದರೆ ತಪ್ಪಾಗುತ್ತದೆ. ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಹತ್ತಿರದ ಪಾಲ್ಕಿಗುಂಡು ಬೆಟ್ಟದ ಮೇಲೆ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ, ನನಗೆ ಓದೋಕೆ ಬರಲ್ಲ, ಅರ್ಥ ಪುಸ್ತಕದಲ್ಲಿ ನೋಡಿಕೊಂಡೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆತ ಹೇಳೋದು ಹೀಗೆ: ಉಪಾಸಕ ಆಗಿ ಎರಡೂವರೆ ವರ್ಷದ ಮೇಲಾಯ್ತು, ಆದರೆ ಅಂಥ ಜೋರು ಪ್ರಯತ್ನ ಏನೂ ಮಾಡಿರಲಿಲ್ಲ, ಸಂಘದ ಹತ್ತಿರ ಹೋಗಿ ವರ್ಷದ ಮೇಲಾಯ್ತು, ಈಗ ಜೋರು ಮಾಡ್ತಿದ್ದೇನೆ. ಆತ ಹೇಳಿದ್ದು ಧರ್ಮದ ವಿಷಯ, ಓಟದ್ದಲ್ಲ, ಗೊತ್ತು. ಆದರೂ ನೋಡಿ, ಇಷ್ಟು ದೊಡ್ಡ ಚಕ್ರವರ್ತಿ ತಾನು ಸುಮ್ನೆ ಕೂತ ದಿನಗಳನ್ನು ಕಲ್ಲಲ್ಲಿ ಕೊರೆಸಿ ಊರೂರಿಗೆ ಹಾಕಿಸಿದ. ನಾನು ಫೋನಿನ ಆ್ಯಪಿನಲ್ಲಿ ಖಾಲಿ ವಾರ ಕಾಣಬಾರದು ಅಂತ, ಅಂಗಡಿಯಿಂದ ಮನೆಗೆ ನಡೆದದ್ದನ್ನೂ ಓಟ ಅಂತ ಹಾಕಿದವನು.

ಹುಡುಗನ ಕಥೆ ಮುಗಿಸುತ್ತೇನೆ. ಮರುದಿನ ಅವನೇ ಒಂದು ದಾರಿ ಹುಡುಕಿದ. "ಸರ್ರ, ನೀವು ಟೈಮ್ ಹಿಡೀರಿ, ಒಬ್ಬಾವ್ಗ ಆಗೂದಿಲ್ಲ" ಅಂದ. ಹಿಡಿದೆ. ಓಡೋಕೆ ಬರದಿದ್ದರೂ ಗಡಿಯಾರ ನೋಡೋಕೆ ಬರುತ್ತದಲ್ಲ, ಅವನ ತಪ್ಪು ಎರಡೇ ದಿನಕ್ಕೆ ಕಾಣಿಸಿತು. ಮೊದಲ ಸುತ್ತು 80 ಸೆಕೆಂಡಿಗೆ ಹೊಡೆಯುತ್ತಿದ್ದ, ಮೂರನೆಯದಕ್ಕೆ ಸಾಯುತ್ತಿದ್ದ. ಮೊದಲನೇದು 95ಕ್ಕಿಂತ ಬೇಗ ಬಂದರೆ ನಾಳೆ ನಾನು ಬರಲ್ಲ ಅಂತ ಹೆದರಿಸಿದೆ. ಅವನು ಸುತ್ತು ಹಾಕುವಾಗ ಒಂದೇ ಕಡೆ ನಿಂತರೆ ಚಳಿ. ಅದಕ್ಕೆ ನಡೆದೆ. ವಾರದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮಾತಾಡುತ್ತಾ ಓಡೋಕಾಗದಿದ್ದರೆ ವೇಗ ಜಾಸ್ತಿ ಅಂತ ಅರ್ಥ, ಆದ್ದರಿಂದ ಅವನ ಸೆಕೆಂಡುಗಳನ್ನು ಕೂಗುತ್ತಲೇ ಓಡುತ್ತಿದ್ದೆ. ಹಾಗೆ ನಾನು ಮತ್ತೆ ಓಡುವವನಾದೆ. ಛಲ ಗಿಲ ಏನೂ ಇರಲಿಲ್ಲ, ಚಳಿ ಇತ್ತು. ಪರೀಕ್ಷೆಗೆ ಮುಂಚಿನ ವಾರ ಅವನು 6 ನಿಮಿಷ 21 ಸೆಕೆಂಡಿಗೆ ಮುಗಿಸಿದ. ಪಾಸಾದ, ಬೇರೆ ಜಿಲ್ಲೆಗೆ ಹೋದ.

ಆರನೇ ಸಲದ್ದು ಈಗಿನದು. ಈಗ ಏಪ್ರಿಲ್. ಮಧ್ಯಾಹ್ನ 40 ದಾಟುತ್ತದೆ, ಬೆಳಿಗ್ಗೆ ಐದಕ್ಕೂ ಗೋಡೆ ಬೆಚ್ಚಗಿರುತ್ತದೆ. ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಗಾಳಿ ಬಂದರೆ ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೆ ಕರಿ ಧೂಳು. ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಸಾಕು, ದಿನಾ ಸ್ವಲ್ಪ ಸ್ವಲ್ಪ ಓಡಿದರೆ. ಇದೂ ನನಗೆ ಗೊತ್ತು. ಗೊತ್ತಿದ್ದೂ ಹತ್ತೊಂಬತ್ತು ದಿನ.

ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ತೂಕಡಿಸುತ್ತಿದ್ದೆ. ಕೌಂಟರಿನ ಮೇಲೆ ಯಾರೋ ನಾಣ್ಯ ಬಡಿದರು. ಅವನೇ. ರಜೆಗೆ ಬಂದಿದ್ದಾನೆ, ಕೂದಲು ಸಣ್ಣಗೆ ಕತ್ತರಿಸಿದೆ, ಕುತ್ತಿಗೆ ದಪ್ಪ ಆಗಿದೆ. ಅವ್ವನಿಗೆ ಓಆರ್‌ಎಸ್ ಬೇಕಂತೆ, ಬಿಸಿಲು ಬಡಿದಿದೆ. ಕೊಡುತ್ತಾ ಕಾದೆ, ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಅಂತ. ಅವನು ಕೌಂಟರಿನ ಮೇಲೆ ಬಗ್ಗಿ ನನ್ನ ಕಾಲು ನೋಡಿದ. ಹವಾಯಿ ಚಪ್ಪಲಿ ಹಾಕಿದ್ದೆ.

"ಸರ್ರ, ಲೇಸ್ ಬಿಚ್ಯಾವೇನ್ರೀ?"

"ಹೌದಪಾ" ಅಂದೆ. ಓಆರ್‌ಎಸ್‌ಗೆ ರೊಕ್ಕ ತಗೊಳ್ಳಲಿಲ್ಲ.