ನನಗೆ ಸಂಬಳ ಬರುತ್ತದೆ, ಸರ್

ಅಪ್ಪ ಸೈನ್ಯದಲ್ಲಿದ್ದರು ಎನ್ನುವುದಕ್ಕೆ ಒಂದು ಡಿಸ್ಚಾರ್ಜ್ ಬುಕ್ ಸಾಕು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಮೈಮೇಲಿನ ಮಚ್ಚೆ ಎಲ್ಲವೂ ಅದರಲ್ಲಿವೆ. ಅದನ್ನು ಯಾರೂ ಎರಡನೆಯ ಸಲ ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ. ಅಪ್ಪನ ಮಕ್ಕಳು ಇನ್ನೂ ಆ ಮನೆಯ ಆಸರೆಯಲ್ಲೇ ಇದ್ದಾರೆ ಎನ್ನುವುದನ್ನು ಮಾತ್ರ ಮತ್ತೆ ಮತ್ತೆ ತೋರಿಸಿಕೊಡಬೇಕು. ಅದರಲ್ಲೂ ನನ್ನ ತಮ್ಮನ ವಿಷಯದಲ್ಲಿ ತೋರಿಸಬೇಕಾದದ್ದೆಲ್ಲ ಇಲ್ಲದ ಸಂಗತಿಗಳೇ. ಮದುವೆಯಾಗಿಲ್ಲ, ಕೆಲಸವಿಲ್ಲ, ಆದಾಯವಿಲ್ಲ. ನಡೆದದ್ದಕ್ಕೆ ಕಾಗದ ಸಿಗುತ್ತದೆ, ನಡೆಯದೇ ಇದ್ದದ್ದಕ್ಕೆ ಕಾಗದ ತರಲು ಹೊರಟಾಗಲೇ ಕಷ್ಟ ತಿಳಿಯುವುದು.

ಅಪ್ಪ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲೇ ತರಬೇತಿ, ಆಮೇಲೆ ದೇಶದ ಎಲ್ಲೆಲ್ಲೋ ಸೇತುವೆ, ರಸ್ತೆ. ಹವಾಲ್ದಾರರಾಗಿ 1998ರಲ್ಲಿ ಅರಸೀಕೆರೆ ಕಡೆಯ ನಮ್ಮ ಊರಿಗೆ ಮರಳಿದರು. ಆಗ ನಿವೃತ್ತ ಸೈನಿಕರಿಗೆ ದೊಡ್ಡ ಕಾಯಿಲೆ ಬಂದರೆ ಸೈನ್ಯದ ಆಸ್ಪತ್ರೆಯೇ ಗತಿ. ತಮ್ಮನಿಗೆ ಮೂರ್ಛೆ ಬಂದಾಗಲೆಲ್ಲ ರಾತ್ರಿ ರೈಲು ಹಿಡಿದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಹೋಗುತ್ತಿದ್ದರು. 2003ರ ಏಪ್ರಿಲ್ 1ರಂದು ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾಯಿತು. ಊರಿನವರು ಅದನ್ನು ಮಿಲಿಟರಿ ಇನ್ಶೂರೆನ್ಸ್ ಎನ್ನುತ್ತಾರೆ. ವಿಮೆಯೆಂದರೆ ವರ್ಷವರ್ಷವೂ ಕಂತು ಕಟ್ಟಬೇಕು, ಇಲ್ಲಿ ಅದಿಲ್ಲ. ಒಮ್ಮೆ ವಂತಿಗೆ ಕಟ್ಟಿದರೆ ಸೈನಿಕನಿಗೂ ಹೆಂಡತಿಗೂ ಬದುಕಿರುವವರೆಗೆ ಪಾಲಿಕ್ಲಿನಿಕ್‌ನಲ್ಲಿ ಔಷಧಿ, ಅಲ್ಲಿಂದ ಚೀಟಿ ಬರೆಸಿಕೊಂಡರೆ ಒಪ್ಪಂದದ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ. ಗಂಡುಮಕ್ಕಳಿಗೆ ದುಡಿಯಲು ತೊಡಗುವವರೆಗೆ, ಮದುವೆಯಾಗುವವರೆಗೆ ಅಥವಾ 25 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಹೆಣ್ಣುಮಕ್ಕಳಿಗೆ ಮದುವೆ ಇಲ್ಲವೇ ಸಂಪಾದನೆಯವರೆಗೆ. ನನ್ನ ಹೆಸರು ಹಾಗೆ ಎಂದೋ ಬಿಟ್ಟುಹೋಯಿತು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲ. ತಮ್ಮನ ಬುದ್ಧಿ ಏಳೆಂಟು ವರ್ಷದವನದು, ಮೈಯಲ್ಲಿ ಮೂವತ್ತು ದಾಟಿದ ಗಂಡಸು. ಈ ಒಂದು ಸಾಲಿನ ನಿಯಮದ ಮೇಲೆ ಅವನ ಮಾತ್ರೆಗಳು ನಿಂತಿವೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನೇ ಮುಖ್ಯ ಸದಸ್ಯೆ. ಎಲ್ಲರಿಗೂ ಹೊಸದಾಗಿ ಯೋಜನೆಯ ಸ್ಮಾರ್ಟ್ ಕಾರ್ಡಿಗೆ, ಅಂದರೆ 64 ಕೆಬಿ ಕಾರ್ಡಿಗೆ, ಅರ್ಜಿ ಹಾಕಬೇಕಾಯಿತು. ಅಮ್ಮನ ಕಾರ್ಡ್ ಬಂತು. ತಮ್ಮನದಕ್ಕೆ ‘ಅಬ್ಸರ್ವೇಷನ್’ ಬಿತ್ತು, ಅಂದರೆ ಆಕ್ಷೇಪಣೆ ಬರೆದು ಅರ್ಜಿ ತಡೆದರು. ಪಾಲಿಕ್ಲಿನಿಕ್‌ನ ಬೆಂಚಿನ ಮೇಲೆ ಹೆಚ್ಚು ಕೇಳಿಬರುವ ಮಾತು ಇದೇ, ಹೊಲದಲ್ಲಿ ಹುಳ ಬಿದ್ದಿತು ಎನ್ನುವ ದನಿಯಲ್ಲೇ ಎಲ್ಲರೂ ಹೇಳುತ್ತಾರೆ. ಜಿಲ್ಲಾಸ್ಪತ್ರೆಯ ಹಳೆಯ ಅಂಗವೈಕಲ್ಯ ಪತ್ರ ನಡೆಯುವುದಿಲ್ಲ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಯುಡಿಐಡಿ ಬೇಕು. ಅವಲಂಬಿತ ಎನ್ನುವುದಕ್ಕೆ ಆಧಾರ ಬೇಕು. ಅಷ್ಟರಲ್ಲಿ ಒಂದು ರಾತ್ರಿ ಅವನಿಗೆ ಮೂರ್ಛೆ ನಿಲ್ಲಲೇ ಇಲ್ಲ. ತುರ್ತಿನಲ್ಲಿ ಒಪ್ಪಂದದ ಆಸ್ಪತ್ರೆಗೆ ನೇರವಾಗಿ ಹೋಗಬಹುದು, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಆದರೆ ಕಾರ್ಡ್ ಯಂತ್ರದಲ್ಲಿ ತೆರೆಯದಿದ್ದರೆ ಆ ನಿಯಮ ಬಾಗಿಲಲ್ಲೇ ನಿಲ್ಲುತ್ತದೆ. ಕೌಂಟರಿನ ಹುಡುಗ ಮುಂಗಡ ಕಟ್ಟಿ ಎಂದ, ಕಟ್ಟಿದೆವು. ತಮ್ಮ ಉಳಿದ, ಅಮ್ಮನ ಎರಡು ಬಳೆ ಹೋದವು.

ಆಮೇಲೆ ಕಾಗದಗಳ ಬೇಟೆ. ಯುಡಿಐಡಿಗೆ ವೈದ್ಯರ ಮಂಡಳಿಯ ಮುಂದೆ ಕುಳಿತದ್ದು, ನಾಡಕಚೇರಿಯಲ್ಲಿ ನಿರುದ್ಯೋಗ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದು, ನೋಟರಿಯ ಬಳಿ ಅವಿವಾಹಿತ ಎಂದು ಅಫಿಡವಿಟ್ ಮಾಡಿಸಿದ್ದು, ಇವನ್ನೆಲ್ಲ ವಿವರಿಸಲು ಹೋಗುವುದಿಲ್ಲ. ಕಚೇರಿ ಕಂಡ ಎಲ್ಲರಿಗೂ ಅದು ಗೊತ್ತಿರುವ ದಾರಿ.

ಎಲ್ಲ ಕಾಗದ ಸೇರಿಸಿಕೊಂಡು ನಾವು ಮೂವರು ಪಾಲಿಕ್ಲಿನಿಕ್‌ಗೆ ಹೊರಟ ದಿನ ಅಮ್ಮ ಬಸ್ಸಿನುದ್ದಕ್ಕೂ ತಮ್ಮನಿಗೆ ಒಂದೇ ಪಾಠ ಹೇಳಿಕೊಟ್ಟರು. “ಅಲ್ಲಿ ಯಾರಾದರೂ ಏನಾದರೂ ಕೇಳಿದರೆ ಅಕ್ಕನ ಕಡೆ ನೋಡು. ಡೇರಿ ಮಾತು ಎತ್ತಬೇಡ.”

ಡೇರಿಯ ಮಾತು ಇಷ್ಟು. ಬೆಳಿಗ್ಗೆ, ಸಂಜೆ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ತಮ್ಮ ಕ್ಯಾನ್‌ಗಳನ್ನು ಎತ್ತಿ ಲಾರಿಯ ಬಳಿ ಸಾಲಾಗಿ ಇಡುತ್ತಾನೆ. ಕಾರ್ಯದರ್ಶಿ ಒಂದು ಲೋಟ ಚಹಾ ಕೊಟ್ಟು ಹತ್ತೋ ಇಪ್ಪತ್ತೋ ರೂಪಾಯಿ ಕೈಗಿಡುತ್ತಾರೆ. ಅಪ್ಪನೇ ಅವನನ್ನು ಅಲ್ಲಿಗೆ ಹಚ್ಚಿದ್ದು. ಗಂಡಸು ಹೊತ್ತು ಹುಟ್ಟುವಾಗ ಮನೆಯಲ್ಲಿ ಇರಬಾರದು ಎನ್ನುವುದು ಅಪ್ಪನ ಸೈನಿಕ ಬುದ್ಧಿ. ಅಪ್ಪನ ಹಸಿರು ಉಣ್ಣೆಯ ಜೆರ್ಸಿ ತೊಟ್ಟುಕೊಂಡು ತಮ್ಮ ಬೇಸಿಗೆಯಲ್ಲೂ ಕೆಲಸಕ್ಕೆ ಹೋಗುತ್ತಾನೆ.

ಪಾಲಿಕ್ಲಿನಿಕ್‌ನಲ್ಲಿ ಆಗಲೇ ಜನ ತುಂಬಿದ್ದರು. ಮಾಜಿ ಸೈನಿಕರು ಸಾಲಿನಲ್ಲಿ ನಿಲ್ಲುವುದನ್ನು ನೋಡುವುದೇ ಒಂದು ಸಮಾಧಾನ, ಯಾರೂ ಹೇಳದೆಯೇ ಸಾಲು ನೇರವಾಗುತ್ತದೆ. ಕೌಂಟರಿನಲ್ಲಿದ್ದವರು ನಿವೃತ್ತ ನಾಯಕ್. ಕಾಗದಗಳನ್ನು ತಿರುವಿ, “ಅಮ್ಮಾ, ಇದನ್ನು ಓಐಸಿ ಸಾಹೇಬರೇ ನೋಡಬೇಕು” ಎಂದು ಒಳಗೆ ಕಳಿಸಿದರು.

ಓಐಸಿ ಎಂದರೆ ಪಾಲಿಕ್ಲಿನಿಕ್‌ನ ಮೇಲಧಿಕಾರಿ, ಅವರೂ ನಿವೃತ್ತ ಅಧಿಕಾರಿಯೇ. ಅವರನ್ನು ಕಂಡದ್ದೇ ತಡ, ತಮ್ಮ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದ. ಅವರೂ ಕುರ್ಚಿಯಲ್ಲೇ ನೆಟ್ಟಗಾದರು. ಯುಡಿಐಡಿ ನೋಡಿದರು, ಅಫಿಡವಿಟ್ ನೋಡಿದರು, ನಿರುದ್ಯೋಗ ಪತ್ರ ಕೈಗೆತ್ತಿಕೊಂಡು ತಮ್ಮನನ್ನೇ ಕೇಳಿದರು.

“ಏನು ಮಾಡಿಕೊಂಡಿದ್ದೀಯಪ್ಪಾ?”

ತಮ್ಮ ನನ್ನ ಕಡೆ ನೋಡಿದ. ಪಾಠ ನೆನಪಿತ್ತು. ಆದರೆ ಸಮವಸ್ತ್ರದ ಗತ್ತಿನ ಮನುಷ್ಯ ಕೇಳಿದ ಪ್ರಶ್ನೆಗೆ ಉತ್ತರಿಸದೆ ಇರುವುದನ್ನು ಅಪ್ಪ ಅವನಿಗೆ ಕಲಿಸಿರಲಿಲ್ಲ.

“ಡೇರಿ ಕೆಲಸ, ಸರ್. ನನಗೆ ಸಂಬಳ ಬರುತ್ತದೆ, ಸರ್.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಜಿನ ಮೇಲೆ ಸರ್ಕಾರದ ಮುದ್ರೆ ಬಿದ್ದ ನಿರುದ್ಯೋಗ ಪತ್ರ, ಎದುರಿಗೆ ಎದೆಯುಬ್ಬಿಸಿ ನಿಂತ ಉದ್ಯೋಗಿ. ನಾನು ಬಾಯಿ ಹಾಕುವ ಮೊದಲೇ ಅವರು ಎಷ್ಟು ಸಂಬಳ ಎಂದು ಕೇಳಿದರು. ತಮ್ಮ ತನ್ನ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅವರು ಒಂದೊಂದಾಗಿ ಎಣಿಸಿದರು, ಸುಮ್ಮನೆ ಎಣಿಸುವ ನಾಟಕವಾಡಲಿಲ್ಲ. ವಾಪಸ್ ಕೊಡುತ್ತಾ ಅಮ್ಮನಿಗೆ ಹೇಳಿದರು: “ಅವಲಂಬಿತರಿಗೆ ಒಂದು ಕಾಸೂ ಬರಬಾರದು ಎಂದು ಯಾರು ಹೇಳಿದರು? ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಅಷ್ಟನ್ನು ದಾಟಬಾರದು. ಇವನು ದಾಟುವ ಹಾಗೆ ಕಾಣುವುದಿಲ್ಲ. ಕೆಲಸವೇ ಇಲ್ಲ ಎನ್ನುವ ಕಾಗದ ನನಗೆ ಬೇಡ. ಆದಾಯ ಮಿತಿಯೊಳಗಿದೆ ಎಂದು ನೀವೇ ಬರೆದು ಸಹಿ ಮಾಡಿ.”

ಬಳೆ ಮಾರಿದಾಗ ಅಳದ ಅಮ್ಮ ಆಗ ಅತ್ತರು. ನನಗೆ ಬಂದದ್ದು ಸಿಟ್ಟು. ಈ ಮಿತಿಯ ಮಾತನ್ನು ಅಬ್ಸರ್ವೇಷನ್ ಹಾಕಿದವರು ಒಂದೇ ಸಾಲಿನಲ್ಲಿ ಬರೆದಿದ್ದರೆ, ಮಗನಿಗೆ ಅವನ ಕೆಲಸವನ್ನು ಮುಚ್ಚಿಡು ಎಂದು ಕಲಿಸುವ ಸ್ಥಿತಿ ಆ ತಾಯಿಗೆ ಬರುತ್ತಿರಲಿಲ್ಲ. ನಿಯಮಕ್ಕಿರುವ ಕರುಣೆ ಅದನ್ನು ತಿಳಿಸುವ ಭಾಷೆಗೆ ಇಲ್ಲ.

ಹೊಸ ಕಾಗದಗಳೊಂದಿಗೆ ಅರ್ಜಿ ಮತ್ತೆ ಮೇಲಕ್ಕೆ ಹೋಯಿತು. ಕಾರ್ಡ್ ಬರುವವರೆಗೆ ನಡೆಯಲೆಂದು ಟೆಂಪರರಿ ಸ್ಲಿಪ್ ಸಿಕ್ಕಿತು, ಅದನ್ನು ತೋರಿಸಿ ತಿಂಗಳ ಮಾತ್ರೆ ಪಡೆದೆವು.

ಹೊರಡುವಾಗ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಕರೆದರು. ನಿವೃತ್ತ ಸುಬೇದಾರರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಕಾರ್ಡ್ ಇರಲಿ ತಂಗೀ, ಪಿಂಚಣಿ ಪತ್ರದಲ್ಲಿ ಇವನ ಹೆಸರು ಸೇರಿದೆಯಾ?” ಅವರು ಹೇಳಿದ್ದು ಇದು: ಅಮ್ಮನ ಕಾಲದ ನಂತರ ಕುಟುಂಬ ಪಿಂಚಣಿ ಅಂಗವಿಕಲ ಮಗನಿಗೆ ಜೀವನಪೂರ್ತಿ ಸಿಗುತ್ತದೆ. ಅಮ್ಮ ಇರುವಾಗಲೇ ಪಿಂಚಣಿ ಪತ್ರದಲ್ಲಿ, ಅಂದರೆ ಪಿಪಿಒದಲ್ಲಿ, ಅವನ ಹೆಸರನ್ನು ಸೇರಿಸಿಟ್ಟರೆ, ಮುಂದೆ ಇವನನ್ನು ಎಲ್ಲರ ಮುಂದೆ ಹೊಸದಾಗಿ ನಿಲ್ಲಿಸುವ ಕೆಲಸ ಕಡಿಮೆಯಾಗುತ್ತದೆ. ಬೆಂಗಳೂರಿನ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಹಣ ನೋಡಿಕೊಳ್ಳಲು ಒಬ್ಬ ಪೋಷಕರೂ ಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿ ಇಂಥವರಿಗೆ ಪೋಷಕರನ್ನು ನೇಮಿಸುತ್ತದೆ, ಅದನ್ನೂ ಮಾಡಿಸಿಡಿ ಎಂದರು. ನಮ್ಮ ಫೈಲಿನ ಹಿಂಬದಿಯಲ್ಲೇ ಬೇಕಾದ ಕಾಗದಗಳ ಪಟ್ಟಿ ಬರೆಯತೊಡಗಿದರು.

“ಪೋಷಕರು ಯಾರು?” ಎಂದು ಕೇಳಿ ತಲೆಯೆತ್ತಿದಾಗ ಅಮ್ಮ ನನ್ನನ್ನು ಕೇಳದೆಯೇ ನನ್ನತ್ತ ಬೆರಳು ತೋರಿಸಿದರು.

ತಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. “ಅಕ್ಕ ಬೇಡ,” ಎಂದ. “ಡೇರಿ ಕಾರ್ಯದರ್ಶಿ ಹೆಸರು ಬರೆಯಿರಿ ಸರ್. ಅಕ್ಕ ಸಂಬಳ ಕೊಡುವುದಿಲ್ಲ.”