ವಿಮಾನ ಏರುವ ಮುನ್ನ ಏನು ತಿನ್ನಬೇಕು

ಚಿಕ್ಕಮಗಳೂರಿನಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ನಾವು ಹಾಸನದ ದಾರಿಯಲ್ಲೋ ಕಡೂರಿನ ದಾರಿಯಲ್ಲೋ ಗಂಟೆಗಟ್ಟಲೆ ಪ್ರಯಾಣಿಸಿ ದೇವನಹಳ್ಳಿಯನ್ನು ತಲುಪುವಷ್ಟರಲ್ಲಿ ಹಸಿವು ಜೋರಾಗಿರುತ್ತದೆ. ಭದ್ರತಾ ತಪಾಸಣೆ ಮುಗಿದೊಡನೆ ಕಣ್ಣಿಗೆ ಬೀಳುವ ಬರ್ಗರ್, ಫ್ರೆಂಚ್ ಫ್ರೈಸ್ ಮತ್ತು ದೊಡ್ಡ ಲೋಟದ ತಂಪು ಪಾನೀಯದತ್ತ ಕೈ ಹೋಗುವುದು ಸಹಜ. ಆದರೆ ಹಾರಾಟದ ವೇಳೆ ವಿಮಾನದೊಳಗಿನ ಗಾಳಿಯ ಒತ್ತಡವು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ ಎಂಬುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಒತ್ತಡ ಇಳಿದಂತೆ ಹೊಟ್ಟೆಯೊಳಗಿನ ಅನಿಲ ಹಿಗ್ಗುವುದರಿಂದ, ಗ್ಯಾಸ್ ತುಂಬಿದ ಪಾನೀಯ ಕುಡಿದು ಹತ್ತಿದವರಿಗೆ ಹೊಟ್ಟೆಯುಬ್ಬರ ಹೆಚ್ಚು. ಒಳಗಿನ ಗಾಳಿ ತೀರ ಒಣಗಿರುವುದರಿಂದ ಉಪ್ಪಿನ ತಿನಿಸು ಬಾಯಾರಿಕೆಯನ್ನೂ ಹೆಚ್ಚಿಸುತ್ತದೆ.

ಆದ್ದರಿಂದ ನಾನು ಇಡ್ಲಿಯನ್ನೋ ಮೊಸರನ್ನವನ್ನೋ ಆರಿಸಿಕೊಳ್ಳುತ್ತೇನೆ. ಅದರ ಬೆಲೆ ನಮ್ಮೂರಿನ ಹೋಟೆಲುಗಳಿಗಿಂತ ಬಹಳ ಹೆಚ್ಚು, ಮಕ್ಕಳೊಂದಿಗೆ ಹೊರಟ ಕುಟುಂಬಗಳಿಗೆ ಇದು ನಿಜಕ್ಕೂ ಹೊರೆ. ಅಂಥವರು ಅಕ್ಕಿರೊಟ್ಟಿ, ಚಪಾತಿಯಂತಹ ಒಣ ತಿಂಡಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬರುವುದು ಒಳ್ಳೆಯದು. ದೇಶದೊಳಗಿನ ಅನೇಕ ವಿಮಾನಗಳ ಬೋರ್ಡಿಂಗ್ ಗೇಟನ್ನು ಹೊರಡುವ 25 ನಿಮಿಷ ಮೊದಲೇ ಮುಚ್ಚುತ್ತಾರೆ. ಕೌಂಟರಿನ ಸರತಿ ಉದ್ದವಿದ್ದರೆ ದಯವಿಟ್ಟು ಮೊದಲು ಗೇಟಿನ ಹತ್ತಿರ ಹೋಗಿ, ಅಲ್ಲಿ ಸಿಗುವುದನ್ನೇ ತಿನ್ನಿ.