ಒಂದು ಶಿಲ್ಲಿಂಗ್, ನೂರಾ ಒಂದು ರೂಪಾಯಿ

ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಗಂಡನ ಕಡೆಯವರು ವರ್ಜೀನಿಯಾದವರು, ಬ್ರಿಟಿಷರ ಕಾಲದಲ್ಲೇ ಅಲ್ಲಿ ತಂಬಾಕು ಬೆಳೆಯುತ್ತಿದ್ದ ಮನೆತನ. "ಮಗನಿಗೆ ವಂಶವೃಕ್ಷ ಮಾಡಿಕೊಡಬೇಕು ದೊಡ್ಡಮ್ಮ, ಹಳೇ ಕೈಬರಹ ಓದೋ ತಾಳ್ಮೆ ನಿಮಗೇ ಇರೋದು" ಅಂತ ಹೋದ ವರ್ಷ ಕೇಳಿದಳು. ಅವತ್ತಿನಿಂದ ಮುಂಬಯಿ ಮುಲುಂಡಿನ ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾನು 1700ರ ಆಚೀಚಿನ ಉಯಿಲುಗಳನ್ನು ಓದುತ್ತಾ ಕೂರುತ್ತೇನೆ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ದಾಖಲೆಗಳ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ನೋಡಬಹುದು.

ಮೊದಲು ದಿನಾಂಕದಲ್ಲೇ ಎಡವಿದೆ. ಆ ಮನೆತನದ ಒಂದು ಉಯಿಲು ಬರೆದದ್ದು 1731ರ ನವೆಂಬರ್, ಕೋರ್ಟಿನಲ್ಲಿ ದಾಖಲಾದದ್ದು 1731ರ ಫೆಬ್ರವರಿ! 1752ರ ತನಕ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿ ಬರುವುದು ನವೆಂಬರ್ ಆದ ಮೇಲೆ. ನಮಗೆ ಯುಗಾದಿ ಲೆಕ್ಕ ಗೊತ್ತಲ್ವಾ, ಬೇಗ ಅರ್ಥವಾಯಿತು. ಸಂಬಂಧದ ಪದಗಳು ಇನ್ನೂ ಕಷ್ಟ. ಆಗ 'ಡಾಟರ್ ಇನ್ ಲಾ' ಅಂದರೆ ಸೊಸೆಯೇ ಆಗಬೇಕಿಲ್ಲ, ಹೆಂಡತಿಯ ಮೊದಲ ಮದುವೆಯ ಮಗಳೂ ಆಗಬಹುದು. 'ಕಸಿನ್' ಅಂತ ಅಣ್ಣನ ಮಗನನ್ನೂ ಕರೆಯುತ್ತಿದ್ದರು. ಇದು ಗೊತ್ತಿಲ್ಲದೆ ಒಬ್ಬ ಮಗನಿಗೆ ನಾನು ಇಲ್ಲದ ಹೆಂಡತಿಯನ್ನು ಕಟ್ಟಿದ್ದೆ, ಆಮೇಲೆ ಅಳಿಸಿದೆ.

ಆ ಉಯಿಲಿನಲ್ಲಿ ಗಂಡುಮಕ್ಕಳಿಗೆ ಜಮೀನು, ಹೆಂಡತಿಗೆ ಗರಿ ತುಂಬಿದ ಹಾಸಿಗೆ, ಹಿರಿ ಮಗಳಿಗೆ ಒಂದೇ ಒಂದು ಶಿಲ್ಲಿಂಗ್, ಬ್ರಿಟಿಷರ ಸಣ್ಣ ನಾಣ್ಯ. ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ದೊಡ್ಡತ್ತೆ.

ಅಜ್ಜ ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದ ಹೋಟೆಲಿನಲ್ಲಿ ದುಡಿದವರು. 1974ರಲ್ಲಿ ತೀರಿಕೊಂಡಾಗ ಊರಿನ ಮನೆ, ಉಳಿತಾಯ ಎಲ್ಲ ಅಪ್ಪನಿಗೂ ಚಿಕ್ಕಪ್ಪನಿಗೂ ಬರೆದಿದ್ದರು. ದೊಡ್ಡತ್ತೆಗೆ 101 ರೂಪಾಯಿ. "ಅಪ್ಪಯ್ಯ ನನಗೆ ಮುಯ್ಯಿ ಇಟ್ಟ ಹಾಗೆ ಇಟ್ಟು ಹೋದರು" ಅಂತ ಅತ್ತೆ ಐವತ್ತು ವರ್ಷ ಹೇಳಿಕೊಂಡು ಬಂದಿದ್ದಾರೆ. ಮನೆಯಲ್ಲಿ ಯಾರೂ ಎದುರು ಮಾತಾಡಿದ್ದಿಲ್ಲ.

ಆದರೆ ಶಿಲ್ಲಿಂಗ್ ಅಂದರೆ ಸಿಟ್ಟು ಅಂತಲೇ ಅಲ್ಲ. ಮದುವೆಯ ಹೊತ್ತಿಗೇ ಪಾಲು ಕೊಟ್ಟಾಗಿದ್ದರೆ, ಮರೆತಿಲ್ಲ ಅಂತ ತೋರಿಸಲು, ಮುಂದೆ ತಕರಾರು ಬರದಿರಲಿ ಅಂತ ಹಾಗೆ ಬರೆಯುವುದಿತ್ತು. ಅದಕ್ಕೇ ಉಯಿಲು ಒಂದನ್ನೇ ಓದಿದರೆ ಸಾಲದು, ಜಮೀನು ಪತ್ರಗಳ ಪುಸ್ತಕವನ್ನೂ ಹುಡುಕಬೇಕು. ಹುಡುಕಿದೆ, ಸಿಕ್ಕಿತು. ಉಯಿಲಿಗೆ ಹತ್ತು ವರ್ಷ ಮೊದಲೇ ಆ ಅಪ್ಪ ಮಗಳಿಗೂ ಅಳಿಯನಿಗೂ 100 ಎಕರೆ ಬರೆದುಕೊಟ್ಟಿದ್ದ.

ಮರುದಿನವೇ ಅಪ್ಪನ ಕಪಾಟಿನಿಂದ ಅಜ್ಜನ ಲೆಕ್ಕದ ಪುಸ್ತಕಗಳನ್ನು ಇಳಿಸಿದೆ. 1958ರದ್ದರಲ್ಲಿ ಅತ್ತೆಯ ಮದುವೆಯ ಪುಟ. ಹನ್ನೆರಡು ಪವನು ಚಿನ್ನ, ನಗದು, ಪಾತ್ರೆ, ಬಸ್ಸಿನ ಬಾಡಿಗೆ. ಕೊನೆಗೆ ಅಜ್ಜನ ಕೈಯಲ್ಲೇ, "ಮಗಳ ಪಾಲು ಸಂದಿದೆ." ಅತ್ತೆಗೆ ಒಯ್ದು ತೋರಿಸಿದೆ. ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. "ಇಷ್ಟು ಬರೆದವರು ಉಯಿಲಲ್ಲೂ ಒಂದು ಸಾಲು ಬರೆಯಬಹುದಿತ್ತು" ಅಂದರು. ಅದೂ ಸರಿಯೇ. ಪುಸ್ತಕ ಈಗ ಅವರ ಹತ್ತಿರವೇ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಆ 100 ಎಕರೆಯ ಪತ್ರದಲ್ಲಿ ಜಮೀನಿನ ಜತೆ ಒಬ್ಬ ಗುಲಾಮ ಹುಡುಗಿಯನ್ನೂ ಕೊಟ್ಟಿದ್ದಾರೆ. ಬರೀ ಹೆಸರು, ಮನೆತನದ ಹೆಸರಿಲ್ಲ, ವಯಸ್ಸಿಲ್ಲ. ಆಗ ಹೀಗೆಯೇ ನಡೆಯುತ್ತಿತ್ತು. ಜಾರ್ಜ್ ವಾಷಿಂಗ್ಟನ್ ಹನ್ನೊಂದು ವರ್ಷದ ಹುಡುಗನಾಗಿದ್ದಾಗ, 1743ರಲ್ಲಿ, ಅವನ ಅಪ್ಪನ ಉಯಿಲಿನಿಂದ ಹತ್ತು ಜನ ಗುಲಾಮರು ಅವನ ಪಾಲಿಗೆ ಬಂದರು. ಸತ್ತವರ ಮನೆಯ ಸಾಮಾನು ಪಟ್ಟಿಯಲ್ಲಿ ಕಬ್ಬಿಣದ ಮಡಕೆ, ಹಸು, ಅದರ ಕೆಳಗೆ ಮನುಷ್ಯರು, ಪ್ರತಿಯೊಬ್ಬರ ಮುಂದೂ ಬೆಲೆ. ಆ ಪುಟಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಆದರೂ ಓದಬೇಕು, ಯಾಕೆಂದರೆ ಆ ಗುಲಾಮರ ವಂಶದವರು ಇವತ್ತು ಹುಡುಕಿದರೆ ಎಷ್ಟೋ ಸಲ ಸಿಗುವುದು ಆ ಒಂದು ಸಾಲು ಮಾತ್ರ.

ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು ಅಂತ ವರ್ಜೀನಿಯಾದಲ್ಲಿ 1662ರಲ್ಲೇ ಕಾನೂನು ಮಾಡಿದ್ದರು. ಹಾಗಾಗಿ ಆ ಹುಡುಗಿಗೆ ಮಕ್ಕಳಾಗಿದ್ದರೆ ಅಳಿಯ ಸತ್ತಾಗ ಮಾಡಿದ ಪಟ್ಟಿಯಲ್ಲಿ ಅವರ ಹೆಸರು ಇರಬಹುದು. ತಂಗಿಯ ಮಗಳಿಗೆ ಹೇಳಿದ್ದೇನೆ, ಹುಡುಗನ ಹಾಳೆಯಲ್ಲಿ ಇವಳ ಹೆಸರಿಗೂ ಜಾಗ ಬಿಡು ಅಂತ. ಬಿಟ್ಟಿದ್ದಾಳೆ. ಅಳಿಯನ ಪಟ್ಟಿ ನಾಲ್ಕು ಪುಟ ಇದೆ, ಮೊದಲನೆಯದು ಇವತ್ತು ರಾತ್ರಿ ಓದುತ್ತೇನೆ.